ಹಣೆಗೆ ಹಚ್ಚಿದ ವಿಭೂತಿ

ನಿನ್ನ ಅತ್ತೆಯ ಗಾಯ ಕೀವಾದದ್ದು ನಿನ್ನಿಂದಲ್ಲ, ಮಹಾದೇವಿ. ನನ್ನಿಂದ. ಅದು ನನಗೆ ಆಗಲೇ ಗೊತ್ತಿತ್ತು, ಗೊತ್ತಿದ್ದೂ ನಿನ್ನ ಕಡೆ ಬೆರಳು ತೋರಿಸಿದೆ. ಮೊದಲು ಇದನ್ನು ಹೇಳಿಬಿಡುತ್ತೇನೆ — ಸುತ್ತಿ ಬಳಸಿ ಹೇಳಲು ಕೂತರೆ ನಡುವೆ ಎಲ್ಲೋ ನನಗೊಂದು ನೆಪ ಸಿಕ್ಕಿಬಿಡುತ್ತದೆ. ನೆಪ ಹುಡುಕುವುದರಲ್ಲಿ ನಾನು ಜಾಣೆ.

ಆಗ ನಾನು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಹೆಂಗಸರ ಸರ್ಜರಿ ವಾರ್ಡಿನ ಸ್ಟಾಫ್ ನರ್ಸ್. ನಿನ್ನ ಅತ್ತೆ ನೀಲಮ್ಮನಿಗೆ ಹರ್ನಿಯಾ ಆಪರೇಷನ್ ಆಗಿತ್ತು; ಕಮಲಾಪುರದಿಂದ ಜೊತೆಗೆ ಬಂದು ಉಳಿದವಳು ನೀನು. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಅತ್ತೆಯ ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ತಲೆ ಬಾಚುವುದು — ಒಂದಕ್ಕೂ ನೀನು ಮುಖ ಗಂಟಿಕ್ಕಿದ್ದನ್ನು ನಾನು ಕಾಣಲಿಲ್ಲ. ಪಕ್ಕದ ಹಾಸಿಗೆಯವರಿಗೆ ನಿನ್ನನ್ನು ತೋರಿಸಿ, “ಸೇವಾ ಮಾಡೋದು ಈಕಿನ್ನ ನೋಡಿ ಕಲೀರಿ,” ಎಂದು ನಾನೇ ಹೇಳಿದ್ದೆ. ನಾನೇ.

ಒಂದು ಸಂಜೆ ನೀನು ಮಠದ ವಿಭೂತಿಯ ಪೊಟ್ಟಣ ಹಿಡಿದು ನನ್ನ ಮೇಜಿನ ಹತ್ತಿರ ಬಂದು ನಿಂತೆ.

“ಸಿಸ್ಟರ್, ನಮ್ಮತ್ತಿಯವರಿಗಿ ಹಚ್ಚಬಹುದೇನ್ರೀ?”

“ಹಣಿಗಿ ಹಚ್ಚವಾ. ಗಾಯದ ಹತ್ರ ಹೋಗಬ್ಯಾಡ.”

ನೀನು ಕೈ ತೊಳೆದು ಬಂದು ಮೂರು ಬೆರಳಲ್ಲಿ ಹಣೆಗೆ ಎಳೆದೆ. ಉಳಿದದ್ದನ್ನು ಮತ್ತೆ ಪೊಟ್ಟಣ ಕಟ್ಟಿ ಅತ್ತೆಯ ದಿಂಬಿನ ಕೆಳಗಿಟ್ಟೆ. ಹೊಟ್ಟೆಯ ಕಡೆ ನಿನ್ನ ಕೈ ಹೋಗಲೇ ಇಲ್ಲ. ನಾನು ಅಲ್ಲೇ ಕೂತು ನೋಡುತ್ತಿದ್ದೆ.

ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದಕ್ಕೆ ನಮ್ಮಲ್ಲೊಂದು ಕ್ರಮವಿದೆ. ಒಣಗುತ್ತಿರುವ ಗಾಯಗಳು ಮೊದಲು, ಕೀವಿನವು ಕಡೆಗೆ. ಒಬ್ಬರಿಗೆ ಬಳಸಿದ ಇಕ್ಕಳ ಇನ್ನೊಬ್ಬರನ್ನು ಮುಟ್ಟಬಾರದು. ನರ್ಸಿಂಗ್ ಕಲಿಯಲು ಬಂದ ಹುಡುಗಿಗೆ ಯೂನಿಫಾರ್ಮ್ ಮೈಗೆ ಹೊಂದುವ ಮೊದಲೇ ಈ ಪಾಠ ಆಗಿರುತ್ತದೆ. ಮರುದಿನ ಬೆಳಿಗ್ಗೆ ಶಹಾಬಜಾರದ ನಮ್ಮ ಓಣಿಯ ಅಜ್ಜಿಯೊಬ್ಬಳು ಬಂದಳು. ಸಕ್ಕರೆ ಕಾಯಿಲೆಯವಳು, ಅಂಗಾಲಿನ ಹುಣ್ಣು ಹಸಿರು ಕೀವು ಸುರಿಸುತ್ತಿತ್ತು. ಅವಳು ಕೆಳಗೆ ಹೊರರೋಗಿಗಳ ಸಾಲಿನಲ್ಲಿ ನಿಲ್ಲಬೇಕಿತ್ತು. ಆದರೆ ನಾನಿದ್ದೇನಲ್ಲ — ಓಣಿಯವರೆಲ್ಲ ನೇರ ನನ್ನ ವಾರ್ಡಿಗೇ ಬರುತ್ತಿದ್ದರು, ನನಗೂ ಅದೊಂದು ದೊಡ್ಡಸ್ತಿಕೆ. “ಹೊರಗ ಆಟೋ ನಿಂತದ ಮಗಳಾ, ಮೊದಲ ನಂದೊಂದು ಮುಗಿಸಿಬಿಡು,” ಅಂದಳು. ಮುಗಿಸಿದೆ.

ಅಷ್ಟರಲ್ಲಿ ಡಾಕ್ಟರು ರೌಂಡ್ಸಿಗೆ ಹೊರಟರೆಂದು ಆಯಾ ಬಂದು ಹೇಳಿದಳು. ನೀಲಮ್ಮನ ಡ್ರೆಸ್ಸಿಂಗ್ ಇನ್ನೂ ಆಗಿರಲಿಲ್ಲ. ಶುದ್ಧ ಮಾಡಿದ ಸಾಮಾನು ತರಲು ಕೆಳಗಿನ ಮಹಡಿಗೆ ಹೋಗಬೇಕು — ಹೋಗಲಿಲ್ಲ. ಗ್ಲೌಸ್ ಬದಲಿಸಿದೆ. ಇಕ್ಕಳ ಬದಲಿಸಲಿಲ್ಲ. ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿ, ಅದರಲ್ಲೇ ಅವಳ ಹೊಲಿಗೆಯ ಮೇಲೆ... “ನಿನ್ನ ಕೈ ಭಾಳ ಹಗೂರ ಅದ ಯವ್ವಾ,” ಅಂದಳು ನೀಲಮ್ಮ. ನಾನು ನಕ್ಕೆ.

ಸ್ವಲ್ಪ ದಿನಕ್ಕೇ ಜ್ವರ ಬಂತು. ಹೊಲಿಗೆಯ ಸುತ್ತ ಕೆಂಪಗೆ ಊದಿಕೊಂಡಿತು. ಪಟ್ಟಿ ಬಿಚ್ಚಿದಾಗ ಅದೇ ಹಸಿರು ಕೀವು, ಅದೇ ವಾಸನೆ. ಯಾರ ಕಾಲಿನಿಂದ ಬಂದದ್ದೆಂದು ನನ್ನ ಮೂಗಿಗೆ ತಿಳಿಯಿತು. ಡಾಕ್ಟರು ಕೂಗಾಡಿದರು, “ಯಾರ್ ಮುಟ್ಟೀರಿ ಇದನ್ನ?” ದಿಂಬಿನ ಕೆಳಗಿನ ಪೊಟ್ಟಣ ಒಡೆದು ಹಾಸಿಗೆಯ ಮೇಲೆ ಒಂದಿಷ್ಟು ಬೂದಿ ಚೆಲ್ಲಿತ್ತು. ಅದು ಕಂಡಿತು, ಬಾಯಿಂದ ಮಾತು ಹೊರಟಿತು.

“ಸರ್, ಸೊಸಿ ವಿಭೂತಿ ಹಚ್ಯಾಳ್ರೀ.”

ಹಚ್ಚಿದ್ದು ನಿಜವೇ. ಎಲ್ಲಿಗೆ ಎಂಬುದನ್ನು ನುಂಗಿಕೊಂಡೆ.

ನೀನು ಗಾಬರಿಯಾಗಿ, “ಹಣಿಗಷ್ಟೇರೀ... ಸಿಸ್ಟರ್, ನೀವರ ಹೇಳ್ರೀ!” ಅಂದೆ. ನಿನ್ನ ಗಂಡ ಬಸವರಾಜ ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದ, ಪಕ್ಕದಲ್ಲಿ ನಿನ್ನ ನಾದಿನಿ. ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆ ಬಗ್ಗಿಸಿ ಟ್ರೇಯಲ್ಲಿನ ಹತ್ತಿ ಜೋಡಿಸತೊಡಗಿದೆ. ಜೋಡಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ನಂಜು ರಕ್ತಕ್ಕೇರಿತು. ನೀಲಮ್ಮ ಉಳಿಯಲಿಲ್ಲ. ಹೆಣ ಒಯ್ಯುವ ಗಾಡಿಯಲ್ಲಿ ನಿನ್ನನ್ನು ಅತ್ತೆಯ ಹತ್ತಿರ ಕೂರಲು ಬಿಡಲಿಲ್ಲ, ಮುಂದೆ ಡ್ರೈವರನ ಪಕ್ಕ ಕೂರಿಸಿದರು. ವಾರ್ಡಿನ ಕಿಟಕಿಯಿಂದ ಕಂಡೆ. ಇಳಿದು ಬರಬಹುದಿತ್ತು — ಮೆಟ್ಟಿಲು ಅಲ್ಲೇ ಇದ್ದವು. ನೌಕರಿ ಹೋದೀತು ಎಂಬ ಹೆದರಿಕೆ. ಅಷ್ಟೇ, ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇರಲಿಲ್ಲ. ನೌಕರಿ ಉಳಿಯಿತು, ಬಡ್ತಿಯೂ ಸಿಕ್ಕಿತು.

ಈಗ ನಾನು ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಕೈ ತೊಳೆಯುವುದು, ಗಾಯದ ಕ್ರಮ, ಇಕ್ಕಳದ ಶುದ್ಧಿ. ಯಾರಾದರೂ ತಪ್ಪಿದರೆ ಎಲ್ಲರೆದುರು ಬೈಯುತ್ತೇನೆ. ಹುಡುಗಿಯರು ನನಗೆ ಹೆದರುತ್ತಾರೆ. ಹೋದ ವಾರ ಅವರನ್ನು ಮನೆಭೇಟಿಗೆಂದು ಕಮಲಾಪುರಕ್ಕೆ ಕರೆದೊಯ್ದಿದ್ದೆ. ಒಂದು ಮನೆಯಲ್ಲಿ ಲಕ್ವಾ ಹೊಡೆದ ಗಂಡಸು, ಮಾತಿಲ್ಲ. ಸದಾ ಅಂಗಾತ ಮಲಗಿ ಬೆನ್ನಿನ ಕೆಳಗೆ ಎಲುಬು ಕಾಣುವಂತೆ ಹುಣ್ಣಾಗಿತ್ತು. ಬೇರೆ ಓಣಿಯಿಂದ ಅವನ ಅಕ್ಕ ಬಂದು ಮುಂಜಾನೆ, ಸಂಜೆ ಒರೆಸಿ ಹೋಗುತ್ತಾಳೆ, ನಡುವೆ ಯಾರೂ ಹೊರಳಿಸುವುದಿಲ್ಲ ಎಂದು ತಿಳಿಯಿತು. ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿಗೆ ಗದರಿದೆ, “ಬಾರವಾ, ಈ ಕಡಿ ಹಿಡಿ. ನೀನೇ ಹೊರಳಿಸಿ ಮಲಗಸಬೇಕು.”

ಅವಳು ಹಿಂದೆ ಸರಿದಳು. “ನಾ ಮುಟ್ಟಂಗಿಲ್ರೀ. ನನ್ನ ಕೈ ಛಲೋ ಅಲ್ಲ.”

ದನಿಯಿಂದ ಗುರುತು ಹತ್ತಿತು. ನೀನು. ಮಂಚದ ಮೇಲಿದ್ದವನು ಬಸವರಾಜ. ಮಾಸ್ಕಿನ ಹಿಂದಿದ್ದ ನನ್ನ ಗುರುತು ನಿನಗೆ ಸಿಗಲಿಲ್ಲ. ಹುಡುಗಿಯೊಬ್ಬಳು “ಯಾಕ್ರೀ?” ಎಂದಳು. ನೀನು ಅಡುಗೆಯ ವಿಷಯ ಹೇಳುವಷ್ಟು ಸಹಜವಾಗಿ ಹೇಳಿದೆ: “ನಮ್ಮತ್ತಿ ಹೊಟ್ಟಿ ಗಾಯಕ್ಕ ವಿಭೂತಿ ಹಚ್ಚಿದ್ದೆರೀ. ಅದರಾಗೇ ಸತ್ತಳು. ಅವತ್ತಿಂದ ಬ್ಯಾನಿ ಬಿದ್ದವರನ್ನ ಮುಟ್ಟಾಕ ನನಗ ಬಿಡಂಗಿಲ್ಲ.”

ಹೊಟ್ಟೆಯ ಗಾಯಕ್ಕೆ! ಹಣೆಗಷ್ಟೇ ಎಂದು ಆ ದಿನ ಅಂಗಲಾಚಿದವಳು ನೀನು. ಮನೆಯವರು ವರ್ಷಗಟ್ಟಲೆ ಹೇಳಿ ಹೇಳಿ, ನೀನೂ ಅದನ್ನೇ ನಂಬಿಬಿಟ್ಟೆಯಾ? ನಿನ್ನ ಬೆರಳು ಎಲ್ಲಿಗೆ ಹೋಗಿತ್ತು ಎಂಬುದು ಈಗ ನಿನಗೇ ನೆನಪಿಲ್ಲ. ಅದನ್ನು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ — ನಾನೇನಾದರೂ ಸತ್ತಿದ್ದರೆ...

ಆಗಲೂ ನಾನು ಮಾಸ್ಕ್ ತೆಗೆಯಲಿಲ್ಲ, ಮಹಾದೇವಿ. ಹುಡುಗಿಯರಿಗೆ ದಿಂಬು ಕೊಡುವ ರೀತಿ ತೋರಿಸಿದೆ, ಕೈ ತೊಳೆದೆ, ಬಸ್ಸು ಹತ್ತಿ ಕಲಬುರಗಿಗೆ ಬಂದೆ. ಎರಡನೆಯ ಸಲವೂ ನಿನ್ನನ್ನು ಬಿಟ್ಟು ಬಂದೆ. ನಿನ್ನ ಗಂಡನ ಬೆನ್ನಿನ ಹುಣ್ಣೂ ನನ್ನದೇ ಕೆಲಸ.

ನಾಳೆ ಬರುತ್ತೇನೆ. ಸಂಜೆ ನಿನ್ನ ನಾದಿನಿ ಬರುವ ಹೊತ್ತಿಗೆ ಬರುತ್ತೇನೆ, ಬಸವರಾಜನ ಮಂಚದ ಹತ್ತಿರವೇ ನಿಲ್ಲುತ್ತೇನೆ. ಅವನಿಗೆ ಮಾತಿಲ್ಲ, ಕಿವಿ ಕೇಳುತ್ತದೆ. ಇಕ್ಕಳದ ಸಂಗತಿ ಹೇಳುತ್ತೇನೆ, ಕ್ಷಮಿಸು ಎಂದು ಕೇಳುವುದಿಲ್ಲ. ಆಮೇಲೆ ಅವರು ಬೈಯಲಿ, ಹೊಡೆಯಲಿ, ನನ್ನ ಮೇಲಿನವರಿಗೆ ದೂರು ಕೊಡಲಿ. ಮುಖ ಮುಚ್ಚಿಕೊಳ್ಳದೆ, ಆ ದಿನ ನೀನು ಹೇಳೆಂದು ನನ್ನನ್ನು ಬೇಡಿದ ಒಂದು ಮಾತನ್ನು ಹೇಳುತ್ತೇನೆ —

“ಆಕಿ ಹಣಿಗಷ್ಟೇ ಹಚ್ಚಿದ್ದಳು. ನಾ ನೋಡೀನಿ.”