ತವರು ಮರೆಯದ ಕರುಳು

ಅಕ್ಕನಾಗಮ್ಮನ ಮನೆಯ ನೆಲದ ಮೇಲೆ ಬಿದ್ದ ಅನ್ನವನ್ನು ಹೆಕ್ಕಿ ತಿನ್ನಬಹುದು ಎಂದು ದಾವಣಗೆರೆಯ ಕೆ.ಬಿ. ಬಡಾವಣೆಯ ಹೆಂಗಸರು ಹೇಳುತ್ತಿದ್ದರು. ಹಾಗೆ ಹೆಕ್ಕಿ ತಿಂದವರು ಯಾರೂ ಇಲ್ಲ. ಬೀಳಿಸಿ ಬೈಸಿಕೊಂಡವರು ಮಾತ್ರ ಬೇಕಾದಷ್ಟು ಜನ. ಹತ್ತಿ ವ್ಯಾಪಾರಿ ಕಲ್ಲೇಶಪ್ಪನ ಹೆಂಡತಿ ಆಕೆ, ವಯಸ್ಸು ಐವತ್ತೆರಡು. ಅಂಥ ಮಡಿವಂತ ಹೆಂಗಸಿಗೆ ದೇವರು ಆ ರೋಗವನ್ನೇ ಯಾಕೆ ಕೊಟ್ಟನೋ, ಅವನನ್ನೇ ಕೇಳಬೇಕು. ಮೂತ್ರಚೀಲಕ್ಕೆ ಕ್ಷಯ ತಗುಲಿ, ಅದು ಸುಕ್ಕಿ ಸುಕ್ಕಿ ಅಡಿಕೆಯಷ್ಟಾಗಿ, ಕಾಲು ಗಂಟೆಗೊಮ್ಮೆ ಹಿತ್ತಲಿಗೆ ಓಡುವಂತಾಯಿತು. ಎರಡು ವರ್ಷ ಯಾರ ಮನೆಯ ಕಾರ್ಯಕ್ಕೂ ಹೋಗಲಿಲ್ಲ. ಒಬ್ಬನೇ ಮಗನ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕುವಾಗ ಹೆತ್ತ ತಾಯಿ ಹಿತ್ತಲಲ್ಲಿ ಕೂತು ಅಳುತ್ತಿದ್ದಳು.

ಅರವತ್ಮೂರನೆಯ ಇಸವಿಯ ಬೇಸಿಗೆಯಲ್ಲಿ, ರೈಲಿನಲ್ಲಿ ಒಂದು ಹಗಲಿಡೀ ಹೋದರೆ ಸಿಗುವ ಒಂದು ಮಿಷನ್ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಕೆಯ ಕರುಳಿನಲ್ಲೇ ಗೇಣುದ್ದ ಕತ್ತರಿಸಿ, ಹೊಲಿದು, ಹೊಸ ಚೀಲ ಮಾಡಿ ಕೂಡಿಸಿದರು. ಜೊತೆಗಿದ್ದವಳು ಸೊಸೆ ಕಸ್ತೂರಮ್ಮ, ಹರಿಹರದ ಹುಡುಗಿ, ಮದುವೆಯಾಗಿ ಮೂರೇ ತಿಂಗಳು. ಮೂತ್ರಕ್ಕೆ ಹಾಕಿದ್ದ ಕೊಳವೆ ತೆಗೆದ ದಿನ ಡಾಕ್ಟರಮ್ಮ ತಮಗೆ ಬರುವ ಕನ್ನಡದಲ್ಲಿ ಇಬ್ಬರಿಗೂ ಪಾಠ ಹೇಳಿದರು: "ಹಳೇ ಚೀಲ ತುಂಬಿದರೆ ಕರೀತಿತ್ತು. ಇದು ಕರುಳು, ಇದಕ್ಕೆ ಕರೆಯೋದು ಗೊತ್ತಿಲ್ಲ. ನೀವೇ ಗಡಿಯಾರ ನೋಡಿ ಎರಡು ಗಂಟೆಗೊಮ್ಮೆ ಹೋಗಬೇಕು. ಮುಂದಕ್ಕೆ ಬಾಗಿ ಹೊಟ್ಟೆ ಒತ್ತಬೇಕು. ಬಿಳಿ ಲೋಳೆ ಬರುತ್ತೆ, ಹೆದರಬೇಡಿ. ನೀರು ಮಾತ್ರ ಚೆನ್ನಾಗಿ ಕುಡೀರಿ, ಇಲ್ಲದಿದ್ದರೆ ಲೋಳೆ ಗಟ್ಟಿಯಾಗಿ ದಾರಿ ಮುಚ್ಚುತ್ತೆ."

ನಲವತ್ತು ದಿನ ಬಿಟ್ಟು ಬಂದು ತೋರಿಸಬೇಕು. ಅಷ್ಟರಲ್ಲಿ ಮೂರು ಗಂಟೆ ತಡೆದು, ಪೂರ್ತಿ ಖಾಲಿ ಮಾಡುವುದನ್ನು ಕಲಿತಿದ್ದರೆ ಸರಿ. ಇಲ್ಲದಿದ್ದರೆ ಹೊಟ್ಟೆಗೆ ತೂತು ಮಾಡಿ ರಬ್ಬರ್ ಚೀಲ ಕಟ್ಟುವುದು, ಬದುಕಿರುವ ತನಕ. ಪಕ್ಕದ ವಾರ್ಡಿನಲ್ಲಿ ಒಬ್ಬಾಕೆಯ ಸೊಂಟದಲ್ಲಿ ಅಂಥ ಚೀಲ ತೂಗುತ್ತಿದ್ದುದನ್ನು ಅಕ್ಕನಾಗಮ್ಮ ನೋಡಿದ್ದಳು. ಅದನ್ನು ಕಟ್ಟಿಕೊಂಡು ಬದುಕುವುದಕ್ಕಿಂತ ಸಾಯುವುದು ಮೇಲು ಎಂದು ಅವತ್ತೇ ನಿರ್ಧರಿಸಿಬಿಟ್ಟಳು. ಯಾರಿಗೂ ಹೇಳಲಿಲ್ಲ.

ಇನ್ನೂ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಊರಿಗೆ ಬಂದಾಗ ಆಷಾಢ ಹಿಡಿದಿತ್ತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದಷ್ಟೆ. ಕಸ್ತೂರಮ್ಮನ ಅಣ್ಣ ಕೆಂಚವೀರಪ್ಪ ಹರಿಹರದಿಂದ ತಂಗಿಯನ್ನು ಕರೆಯಲು ಬಂದ. ಮಂಚದಲ್ಲಿ ಮಲಗಿದ್ದ ಅತ್ತೆಯನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿ ಸೊಸೆ ಹೇಳಿದಳು:

"ನಾ ಬರಂಗಿಲ್ಲಣ್ಣ. ಅತ್ತೇರಿಗೆ ಹೊತ್ತು ಹೇಳೋರು ಯಾರು?"

"ಮತ್ತೆ ಹೊಸಿಲಿಂದು ಹೆಂಗೆ?"

"ಅವರಿಗೆ ಹಿತ್ತಲ ಹೊಸಿಲು ಬೇಕೇ ಬೇಕು. ಅದು ಅವರಿಗಿರಲಿ. ನಾನು ತಲೆಬಾಗಿಲಾಗ ಓಡಾಡ್ತೀನಿ."

ಹಾಗೇ ನಡೆಯಿತು. ನಿನ್ನೆ ಮೊನ್ನೆ ಬಂದ ಸೊಸೆ ತಲೆಬಾಗಿಲಲ್ಲಿ, ಮನೆಯ ಯಜಮಾನಿ ಹಿತ್ತಲಲ್ಲಿ. ಎರಡು ಗಂಟೆಗೊಮ್ಮೆ ಕಸ್ತೂರಮ್ಮ ಗೋಡೆ ಗಡಿಯಾರ ನೋಡಿ "ಅತ್ತೇರೆ, ಹೊತ್ತಾತ್ರಿ" ಎನ್ನುವಳು. ಅತ್ತೆ ಹೊಟ್ಟೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ನಡೆದರೆ, ಸೊಸೆ ಬಿಸಿನೀರಿನ ತಂಬಿಗೆ ಹಿಡಿದು ಮುಂದಿನಿಂದ ಹೊರಬಿದ್ದು, ಓಣಿ ಸುತ್ತಿ ಹಿತ್ತಲಿಗೆ ಬರುವಳು. ಓಣಿಯವರು ನಕ್ಕರು. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು ಅಕ್ಕನಾಗಮ್ಮನಿಗೆ.

ಹಗಲು ಹೇಗೋ ಸಾಗುತ್ತಿತ್ತು. ತೊಂದರೆ ಕೊಟ್ಟದ್ದು ನಿದ್ದೆ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಕನಸಿನಲ್ಲಿ ಕೊಂಡಜ್ಜಿಯ ಕೆರೆ ಬರುತ್ತಿತ್ತು. ಅದು ಆಕೆಯ ತವರು. ಏರಿಯ ಮೇಲೆ ಲಂಗದ ಹುಡುಗಿಯಾಗಿ ಕೂತು ನೀರಿಗೆ ಕಾಲು ಇಳಿಬಿಟ್ಟಿರುವಳು. ನೀರು ಬೆಚ್ಚಗಿರುವುದು. ಸತ್ತುಹೋದ ಅವ್ವ ಆಚೆ ದಡದಿಂದ ಏನೋ ಕೂಗುವಳು, ಮಾತು ಕೇಳಿಸದು, ದನಿ ಮಾತ್ರ ನೀರಿನ ಮೇಲೆ ತೇಲಿ ಬರುವುದು. ಎಷ್ಟು ಹಿತ! ಮೈಯೆಲ್ಲ ಹಗುರ. ಎಚ್ಚರವಾದರೆ ಹಾಸಿಗೆ ಒದ್ದೆ. ಕೂಸಿನ ಹಾಗೆ ಒದ್ದೆ ಮಾಡಿಕೊಂಡ ನಾಚಿಕೆಗಿಂತ, ಅವ್ವ ಕೂಗಿದ್ದು ಏನೆಂದು ತಿಳಿಯದ ಸಂಕಟವೇ ಕೆಲವು ದಿನ ದೊಡ್ಡದಾಗುತ್ತಿತ್ತು.

ಆಗ ಆಕೆಗೊಂದು ಬುದ್ಧಿ ಹೊಳೆಯಿತು. ಕೆರೆಗೆ ನೀರೇ ಬರದಿದ್ದರೆ ತೂಬು ಸೋರುವುದೆಲ್ಲಿಂದ? ಸೊಸೆ ತಂದಿಟ್ಟ ನೀರನ್ನು ಒಂದು ಗುಟುಕು ಕುಡಿದು, ಮಿಕ್ಕಿದ್ದನ್ನು ಕಿಟಕಿಯಾಚೆಯ ಕಣಗಿಲೆ ಗಿಡಕ್ಕೆ ಸುರಿಯತೊಡಗಿದಳು. ಮೂರು ದಿನ ಹಾಸಿಗೆ ಒಣಗಿತ್ತು. ಗೆದ್ದೆನೆಂದುಕೊಂಡು, ಗಂಡನಿಗೆ ರೊಟ್ಟಿ ದಪ್ಪಗಾಗಿದೆ ಎಂದು ಮಲಗಿದಲ್ಲಿಂದಲೇ ಸೊಸೆಯ ಮೇಲೆ ಚಾಡಿಯನ್ನೂ ಹೇಳಿದಳು. ನಾಲ್ಕನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಎಷ್ಟು ಬಾಗಿದರೂ, ಎಷ್ಟು ಒತ್ತಿದರೂ ಒಂದು ಹನಿ ಬರಲಿಲ್ಲ. ಹೊಟ್ಟೆ ಕಲ್ಲಾಯಿತು. ಬೆವರು ಸುರಿಯಿತು. ಇನ್ನು ರಬ್ಬರ್ ಚೀಲವೇ ಗತಿ ಎಂದುಕೊಂಡು ಬಚ್ಚಲ ಗೋಡೆಗೆ ತಲೆಯೂರಿ, "ಕಸ್ತೂರಿ" ಎಂದು ಕೂಗಿದಳು. ಮದುವೆಯಾದ ಮೇಲೆ ಸೊಸೆಯ ಹೆಸರು ಆಕೆಯ ಬಾಯಲ್ಲಿ ಬಂದದ್ದು ಅದೇ ಮೊದಲು. ಅಲ್ಲಿಯ ತನಕ "ಏ ಇವಳೇ" ಎಂದೇ ನಡೆದಿತ್ತು.

ಕಸ್ತೂರಮ್ಮ ಓಣಿ ಸುತ್ತಲಿಲ್ಲ. ನೇರವಾಗಿ ಹಿತ್ತಲ ಹೊಸಿಲು ದಾಟಿ ಓಡಿ ಬಂದಳು. ಒಣಗಿದ ತುಟಿಯನ್ನೂ, ಕಿಟಕಿಯ ಕೆಳಗೆ ಆ ಬೀದಿಯಲ್ಲೆಲ್ಲೂ ಇಲ್ಲದಷ್ಟು ಹಸಿರಾಗಿದ್ದ ಕಣಗಿಲೆಯನ್ನೂ ನೋಡಿದಳು. ಮೂತ್ರ ನಿಂತರೆ ಚೀಲ ತೊಳೆಯಲೆಂದು ನರ್ಸಮ್ಮ ಆಸ್ಪತ್ರೆಯಲ್ಲಿ ಕಲಿಸಿ ಕೊಟ್ಟಿದ್ದ ಸಣ್ಣ ರಬ್ಬರ್ ಕೊಳವೆಯನ್ನು ಕುದಿಸಿದಳು, ಉಪ್ಪು ಹಾಕಿ ಕಾಸಿ ಆರಿಸಿದ ನೀರು ತಂದಳು.

"ಬ್ಯಾಡ, ಮುಟ್ಟಬ್ಯಾಡ, ಹೊಲಸು" ಎಂದಳು ಅತ್ತೆ.

"ನಿಮ್ಮ ಕರುಳ್ರಿ ಅದು. ಹೊಲಸು ಹೆಂಗಾದೀತು? ಸುಮ್ನೆ ಕಣ್ಣು ಮುಚ್ರಿ."

ಕೊಳವೆಯಲ್ಲಿ ಎರಡು ಸಲ ನೀರು ಚೀಲಕ್ಕೆ ಹೋಗಿ ಬಂತು. ಮೂರನೆಯ ಸಲ ಗಂಜಿಯಂಥ ಲೋಳೆಯ ಗಂಟು ಹೊರಬಿದ್ದು, ಹಿಂದೆಯೇ ತಡೆದದ್ದೆಲ್ಲ ಹರಿಯಿತು. ಅಕ್ಕನಾಗಮ್ಮ ಸೊಸೆಯ ಹೆಗಲಿಗೆ ಒರಗಿ ನಾಚಿಕೆ ಬಿಟ್ಟು ಅತ್ತಳು.

"ಈ ದರಿದ್ರ ಲೋಳೆ ಯಾವಾಗ ನಿಲ್ಲತೈತೆ? ಇಷ್ಟು ದಿನ ಆತು, ಇನ್ನೂ ಬುದ್ಧಿ ಬಂದಿಲ್ಲ ಇದಕ್ಕೆ."

ಕಸ್ತೂರಮ್ಮ ಕೊಳವೆ ತೊಳೆಯುತ್ತಲೇ ಉತ್ತರ ಕೊಟ್ಟಳು. "ಹುಟ್ಟಿದ ಮನ್ಯಾಗ ಅನ್ನ ಜಾರಲಿ ಅಂತ ಲೋಳೆ ಬಿಡ್ತಿತ್ತು. ಇಲ್ಲಿಗೆ ತಂದು ಹಾಕಿದ್ರೂ ಅದನ್ನೇ ಮಾಡ್ತೈತೆ. ತವರಿನ ಬುದ್ಧಿ ಮರಿ ಅಂದ್ರೆ ಒಂದೇ ತಿಂಗಳಿಗೆ ಹೆಂಗೆ ಮರೀತೈತೆ? ಬೈದ್ರೆ ಕಲಿಯಂಗಿಲ್ಲ ಅತ್ತೇರೆ. ನೀರು ಕೊಡ್ರಿ, ಹೊತ್ತು ಕೊಡ್ರಿ, ಕಲೀತೈತೆ."

ಹುಡುಗಿ ಹೇಳಿದ್ದು ಚೀಲದ ಮಾತು. ಆದರೆ ಅತ್ತೆಗೆ ಬೇರೇನೇನೋ ನೆನಪಾಯಿತು. ಹರಿಹರದವರ ಹಾಗೆ ಸಾರಿಗೆ ಬೆಲ್ಲ ಹಾಕಿದಳೆಂದು ಪಾತ್ರೆಯನ್ನೇ ಮೋರಿಗೆ ಸುರಿಸಿದ್ದು. ರೈಲು ಕೂಗಿದಾಗ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆಂದು, "ಹರಿಹರ ಏನು ಓಡಿ ಹೋಗತೈತಾ?" ಎಂದು ನಾಲ್ಕು ಜನರ ಮುಂದೆ ಹಂಗಿಸಿದ್ದು. ಐವತ್ತೆರಡು ವರ್ಷದ ತಾನೇ ಕಣ್ಣು ಮುಚ್ಚಿದರೆ ಕೊಂಡಜ್ಜಿ ಕೆರೆಗೆ ಓಡುತ್ತೇನೆ, ಹತ್ತೊಂಬತ್ತರ ಈ ಹುಡುಗಿ ಎಲ್ಲಿಗೆ ಓಡಬೇಕು?

ಅಂದಿನಿಂದ ತಂಬಿಗೆ ತಳ ಕಾಣುವ ತನಕ ಕುಡಿದಳು. ಕಣಗಿಲೆ ಬಾಡಿತು. ಹಾಸಿಗೆ ಮತ್ತೆ ಒದ್ದೆಯಾಯಿತು, ಒಣಗಿತು, ಮತ್ತೆ ಒದ್ದೆಯಾಯಿತು. ಸೊಸೆಯ "ಹೊತ್ತಾತ್ರಿ" ಎರಡು ಗಂಟೆಯಿಂದ ಎರಡೂವರೆಗೆ ಬಂತು. ಮೂರರ ಹತ್ತಿರ ಬಂದು ನಿಂತುಬಿಟ್ಟಿತು. ಮೂರಾಗುವುದರೊಳಗೆ ಸೀರೆ ನೆನೆಯುತ್ತಿತ್ತು.

ನಲವತ್ತನೆಯ ದಿನ ಬಂತು. ಶ್ರಾವಣ ಹಿಡಿದಿತ್ತು, ನಾಗರ ಪಂಚಮಿಗೆ ಇನ್ನು ಮೂರು ದಿನ. ಬೆಳಿಗ್ಗೆ ಆರು ಗಂಟೆಗೆ ಅಕ್ಕನಾಗಮ್ಮ ಹಿತ್ತಲಿಗೆ ಹೋಗಿ ಬಂದ ಮೇಲೆ ಗಂಡ, ಹೆಂಡತಿ, ಸೊಸೆ ಮೂವರೂ ರೈಲು ಹತ್ತಿದರು. ಹರಿಹರ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಪ್ಲಾಟ್‌ಫಾರ್ಮಿನ ಮೇಲೆ ಕೆಂಚವೀರಪ್ಪ ನಿಂತಿದ್ದ. ಕಾಗದ ಹಾಕಿಸಿದ್ದವಳು ಅಕ್ಕನಾಗಮ್ಮ.

"ಇಳಿ ಕಸ್ತೂರಿ. ಪಂಚಮಿ ಮಾಡ್ಕೊಂಡು ಬಾ. ಜೋಕಾಲಿ ಜೀಕು."

"ನಿಮಗೆ ಹೊತ್ತು ಹೇಳೋರು ಯಾರ್ರಿ?"

"ನಿಮ್ಮ ಮಾವನ ಕೈಯಾಗ ವಾಚ್ ಐತೆ. ಇಳಿ."

ಹುಡುಗಿ ಇಳಿದು, ರೈಲು ಮರೆಯಾಗುವ ತನಕ ಅಲ್ಲೇ ನಿಂತಿದ್ದಳು. ವಾಚ್ ಕಟ್ಟಿದ್ದ ಕಲ್ಲೇಶಪ್ಪ ಸೇತುವೆ ಬರುವಷ್ಟರಲ್ಲೇ ಗೊರಕೆ ಶುರು ಮಾಡಿದ. ಕೆಳಗೆ ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಆ ಸದ್ದಿಗೆ ಕನಸಿನ ಕೆರೆ ನೆನಪಾಗಿ ಅಕ್ಕನಾಗಮ್ಮ ನೆಟ್ಟಗೆ ಕೂತಳು. ಕಣ್ಣು ಮುಚ್ಚಬಾರದು, ಮುಚ್ಚಬಾರದು ಎನ್ನುತ್ತಲೇ ರೆಪ್ಪೆ ಕೂಡಿತು.

ಕೊಂಡಜ್ಜಿ ಕೆರೆಗೆ ಈ ಸಲ ಹೊಳೆಯೇ ಬಂದು ಸೇರಿತ್ತು. ಏರಿಯ ಹುಣಸೇಮರಕ್ಕೆ ಜೋಕಾಲಿ ಕಟ್ಟಿತ್ತು, ಯಾರೋ ಜೀಕುತ್ತಿದ್ದರು. ಅವ್ವ ಆಚೆ ದಡದಲ್ಲಿ ನಿಂತು ಕೂಗಿದಳು. ಈ ಸಲ ಮಾತು ಕೇಳಿಸಿತು, ದನಿ ಮಾತ್ರ ಅವ್ವನದಲ್ಲ.

"ಅತ್ತೇರೆ, ಹೊತ್ತಾತ್ರಿ."

ಬೆಚ್ಚಿ ಕಣ್ಣು ತೆರೆದಳು. ಎದುರು ಯಾರೂ ಇಲ್ಲ. ಸೀರೆ ಮುಟ್ಟಿ ನೋಡಿಕೊಂಡಳು, ಒಣಗಿತ್ತು. ಗಂಡನ ಮಣಿಕಟ್ಟು ತಿರುಗಿಸಿದಳು, ಒಂಬತ್ತು ದಾಟಿ ಹತ್ತು ನಿಮಿಷ. ಆಗ ತಿಳಿಯಿತು: ಕಿಬ್ಬೊಟ್ಟೆಯಲ್ಲಿ ಏನೋ ಸಣ್ಣಗೆ ಗುಡುಗುಟ್ಟಿ ಜಗ್ಗುತ್ತಿತ್ತು. ಹಳೆಯ ಉರಿಯಲ್ಲ, ಹಸಿವೂ ಅಲ್ಲ, ಹೊಸದು. ಇಷ್ಟು ದಿನ ಬಾಯಿ ಬಿಡದಿದ್ದದ್ದು ಮೊದಲ ಸಲ ಬಾಯಿ ಬಿಟ್ಟಿತ್ತು.

"ಬಂದೆ, ತಡಿಯವ್ವ" ಎನ್ನುತ್ತಾ ಅಕ್ಕನಾಗಮ್ಮ ಸೀಟು ಹಿಡಿದು ಎದ್ದಳು.

ಕಲ್ಲೇಶಪ್ಪನಿಗೆ ಎಚ್ಚರವಾಯಿತು. "ಯಾರ ಜೊತೆ ಮಾತು? ಯಾರು ಕರೆದ್ರು?"

"ಕರುಳು ಕರೀತ್ರಿ" ಎಂದಳು ಅಕ್ಕನಾಗಮ್ಮ.