ಅರ್ಧ ಲೋಟ ಮಜ್ಜಿಗೆ

ಸಿಂಗಟಗೆರೆಯ ದುರ್ಗಮ್ಮ ಮಜ್ಜಿಗೆ ಕುಡಿಯುವುದಿಲ್ಲ. ಬೇಸಿಗೆಯಲ್ಲಿ ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋದಾಗ ಯಾರಾದರೂ ಉಪ್ಪು, ಕೊತ್ತಂಬರಿ ಹಾಕಿದ ಮಜ್ಜಿಗೆ ಕೊಟ್ಟರೆ ಲೋಟವನ್ನು ಪಕ್ಕದವರಿಗೆ ದಾಟಿಸಿಬಿಡುತ್ತಾಳೆ. ಹೊಸಬರು ಯಾಕೆಂದು ಕೇಳಲು ಹೋದರೆ ಹಳಬರು ಕಣ್ಣಲ್ಲೇ ಸುಮ್ಮನಾಗಿಸುತ್ತಾರೆ.

ಅವಳಿಗೆ ಇದ್ದವಳು ಒಬ್ಬಳೇ ಮಗಳು, ಹುಲಿಗೆಮ್ಮ. ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಇದೇ ಮನೆಯಲ್ಲಿ ಹೆಣ್ಣು ಕೂಸು ಹೆತ್ತಳು. ಹೆರಿಗೆ ಸಲೀಸಾಗಿಯೇ ಆಯಿತು. ಆದರೆ ವಾರ ಕಳೆಯುವಷ್ಟರಲ್ಲಿ ಮೈ ಕಾದ ಹಂಚಿನಂತಾಯಿತು. ನೀರು ನೀರು ಎಂದು ಬಡಬಡಿಸತೊಡಗಿದಳು. ಬಾಣಂತಿ ಕುಡಿದ ನೀರು ಹೊಟ್ಟೆಯಲ್ಲೇ ನಿಲ್ಲುತ್ತದೆ, ತಣ್ಣಗಿನದು ತಾಗಿದರೆ ಸನ್ನಿ ಹತ್ತುತ್ತದೆ ಎಂದು ಆಗ ಊರಿಗೆ ಊರೇ ನಂಬಿತ್ತು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ದುರ್ಗಮ್ಮನ ಕರುಳು ತಡೆಯಲಿಲ್ಲ. ಗಡಿಗೆಯಿಂದ ಒಂದು ಲೋಟ ಮಜ್ಜಿಗೆ ಬಗ್ಗಿಸಿ ಮಗಳ ಬಾಯಿಗೆ ಹಿಡಿದಳು. ಅರ್ಧ ಖಾಲಿಯಾಗುವಷ್ಟರಲ್ಲಿ ಹೆದರಿ ಲೋಟ ಕಿತ್ತುಕೊಂಡಳು.

ಮಾರನೆಯ ದಿನ ಹುಲಿಗೆಮ್ಮ ಹೋಗಿಬಿಟ್ಟಳು. ಬಾಣಂತಿಗೆ ನೀರು ಹಾಕಲು ಬರುತ್ತಿದ್ದ ಹಾಲಮ್ಮ ಹೆಣದ ಪಕ್ಕ ಕೂತು, ತಣ್ಣಗಿನದೇನಾದರೂ ಕೊಟ್ಟಿದ್ದೆಯಾ ಎಂದು ಕೇಳಿದಳು. ದುರ್ಗಮ್ಮನಿಗೆ ಸುಳ್ಳು ಹೇಳಲು ಬಾರದು.

"ಹಂಗಾರೆ ಮಜ್ಜಿಗೇನೇ ತಗಂಡೋಯ್ತು ಕಣೇ," ಅಂದಳು ಹಾಲಮ್ಮ.

ಕೆಟ್ಟ ಮನಸ್ಸಿನಿಂದ ಅಂದ ಮಾತಲ್ಲ, ಅವಳಿಗೆ ತಿಳಿದದ್ದೇ ಅಷ್ಟು. ಅವಳೂ ಸತ್ತು ಎಷ್ಟೋ ವರ್ಷವಾಯಿತು. ಮಾತು ಮಾತ್ರ ದುರ್ಗಮ್ಮನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಅಲ್ಲಿಂದಾಚೆ ಊರಲ್ಲಿ ಯಾರ ಮನೆಯಲ್ಲಿ ಬಾಣಂತನವಾದರೂ ದುರ್ಗಮ್ಮ ಕರೆಯದೆಯೇ ಹೋಗಿ ಪಥ್ಯ ಕಾಯುತ್ತಿದ್ದಳು. ಮೆಣಸಿನ ಸಾರು, ಬಿಸಿ ಅನ್ನ, ಬೆಳ್ಳುಳ್ಳಿ. ನೀರೆಂದರೆ ಗಂಟಲು ನೆನೆಯುವಷ್ಟು ಜೀರಿಗೆ ಕಷಾಯ. "ದುರ್ಗವ್ವ ಹೊಸಿಲು ದಾಟಿದ್ಲು ಅಂದ್ರೆ ಕೊಡಪಾನಕ್ಕೂ ಬೀಗ ಬಿತ್ತು ಅನ್ಕೋ," ಎಂದು ಹೆಂಗಸರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಹುಲಿಗೆಮ್ಮ ಬಿಟ್ಟುಹೋದ ಕೂಸೇ ಅನಿತಾ. ಅವಳನ್ನು ಸಾಕಿ, ಓದಿಸಿ, ಅಜ್ಜಂಪುರದಲ್ಲಿ ಗೂಡ್ಸ್ ಆಟೋ ಓಡಿಸುವ ವಿಜಯ್‌ಗೆ ಕೊಟ್ಟು ಮದುವೆ ಮಾಡಿದವಳು ದುರ್ಗಮ್ಮ. ಈ ಬೇಸಿಗೆಯಲ್ಲಿ ಅನಿತಾಳಿಗೆ ಆಸ್ಪತ್ರೆಯಲ್ಲಿ ಗಂಡುಮಗುವಾಯಿತು. ಬಾಣಂತನಕ್ಕೆ ಅಜ್ಜಿಯ ಮನೆಗೆ ಬಂದಳು. ಆಶಾ ಕಾರ್ಯಕರ್ತೆ ಬಂದು, ಚೆನ್ನಾಗಿ ನೀರು ಕುಡಿಸಬೇಕು ಎಂದು ಹೇಳಿಹೋದಳು. ದುರ್ಗಮ್ಮ ಎಲ್ಲದಕ್ಕೂ ತಲೆಯಾಡಿಸಿ, ಅವಳು ಬೀದಿಯ ತಿರುವು ದಾಟಿದ ಮೇಲೆ ಕಷಾಯದ ತನ್ನ ಸಣ್ಣ ಲೋಟವನ್ನೇ ಹಿಡಿದಳು.

"ಅಜ್ಜಿ, ಹಿತ್ತಲ ಕರಿಬೇವಿಗೆ ಇದಕ್ಕಿಂತ ಜಾಸ್ತಿ ಹಾಕ್ತೀಯ ಕಣೇ," ಎಂದು ಅನಿತಾ ರೇಗಿಸುತ್ತಿದ್ದಳು.

ಎರಡನೆಯ ವಾರಕ್ಕೆ ಕಾಲಿಟ್ಟಾಗ ಅವಳಿಗೆ ಚಳಿಜ್ವರ ಹತ್ತಿತು. ಬಟ್ಟೆಗೆ ಕೆಟ್ಟ ವಾಸನೆ ಬಂತು. ದುರ್ಗಮ್ಮನಿಗೆ ಆ ವಾಸನೆ ಹಳೆಯ ಪರಿಚಯ. ಮರುದಿನ ಮಧ್ಯಾಹ್ನ ಬಚ್ಚಲಿನಿಂದ ಬರುವಾಗ ಅನಿತಾ ಗೋಡೆ ಹಿಡಿದು ಕುಸಿದಳು, ಕಾಲಿನುದ್ದಕ್ಕೂ ರಕ್ತ. ಪಕ್ಕದ ಮನೆಯಾಕೆ, ಕೆಟ್ಟ ರಕ್ತ ಹೋದರೆ ಒಳ್ಳೆಯದೇ, ಸಂಜೆವರೆಗೆ ನೋಡೋಣ ಎಂದಳು. ದುರ್ಗಮ್ಮ ಕೇಳಲಿಲ್ಲ. ತಣ್ಣಗಿನದು ಒಂದು ಹನಿಯೂ ಈ ಹುಡುಗಿಯ ಬಾಯಿಗೆ ಬಿದ್ದಿಲ್ಲ, ಕಾದವಳು ತಾನೇ. ಹಾಗಿದ್ದರೆ ಇದು ಬೇರೇನೋ. ಆ ಯೋಚನೆ ಬಂದದ್ದೇ ತಡ, ಅದೇ ಬೀದಿಯ ತಿಪ್ಪೇಶನ ಓಮ್ನಿ ವ್ಯಾನಿಗೆ ಅನಿತಾಳನ್ನು ಹತ್ತಿಸಿ, ಕೂಸನ್ನು ಮಡಿಲಿಗೆ ಹಾಕಿಕೊಂಡು ಕಡೂರಿನ ಆಸ್ಪತ್ರೆಗೆ ಬಂದಳು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿದ್ದ ಡಾಕ್ಟರು ತನುಜಾ ಎಂಬ ಚಿಕ್ಕ ವಯಸ್ಸಿನವಳು. ಎರಡೂ ಕೈಗೆ ಡ್ರಿಪ್ ಹಾಕಿಸಿ, ರಕ್ತ ತರಲು ಹೇಳಿ, ಗಾಲಿಯ ಮೇಲಿದ್ದ ಸ್ಕ್ಯಾನಿಂಗ್ ಯಂತ್ರವನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. ದುರ್ಗಮ್ಮ ಕಂಡಂತೆ ಸ್ಕ್ಯಾನಿಂಗ್ ಬಸುರಿಯರಿಗೆ ಮಾಡುವುದು.

"ಕೂಸು ಹೊರಗೆ ಬಂದೈತಲ್ಲ ತಾಯಿ, ಒಳಗಿನ್ನೇನು ನೋಡ್ತೀರ?"

"ಹೊರಗೆ ಬರದೆ ಉಳಿದಿರೋದನ್ನ ನೋಡ್ತೀನಿ ಅಜ್ಜಿ."

ನರ್ಸು ಹೊಟ್ಟೆಯ ಮೇಲೆ ಅಂಟಿನಂಥ, ನೀರಿನ ಬಣ್ಣದ ಜೆಲ್ ಸುರಿದಳು. ಅನಿತಾ ನಡುಗಿದಳು. ದುರ್ಗಮ್ಮ ಮುಟ್ಟಿ ನೋಡಿದರೆ ತಣ್ಣಗೆ ಕೊರೆಯುತ್ತಿತ್ತು. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಸೆರಗಿನಿಂದ ಅದನ್ನು ಒರೆಸಿಬಿಟ್ಟಳು. ಬಾಣಂತಿ ಹೊಟ್ಟೆ, ತಣ್ಣಗಿನದು ಹಾಕಬೇಡಿ ಎಂದು ಅಂಗಲಾಚಿದಳು. ನರ್ಸು ಗದರಲು ಹೋದಳು. ಡಾಕ್ಟರು ಅವಳನ್ನು ತಡೆದು, ಬಾಟಲಿಯನ್ನು ತನ್ನ ಎರಡು ಅಂಗೈ ನಡುವೆ ಒಂದಿಷ್ಟು ಉಜ್ಜಿ, ಮತ್ತೆ ಹಾಕಿದಳು.

"ಬಿಡಜ್ಜಿ," ಅಂದಳು ಅನಿತಾ, ಕಣ್ಣು ಮುಚ್ಚಿಕೊಂಡೇ.

ಪರದೆಯ ಮೇಲೆ ಬೂದಿ ಬಣ್ಣದ ಮಬ್ಬು. ನಡುವೆ ಬೆಳ್ಳಗೆ ಒಂದು ಗಡ್ಡೆಯಂಥದ್ದು. ಡಾಕ್ಟರು ಬೆರಳಿಟ್ಟು ತೋರಿಸಿದಳು: ಕೂಸಿನ ಹಿಂದೆಯೇ ಬೀಳಬೇಕಾದ ಮಾಸಿನ ಒಂದು ಚೂರು ಒಳಗೇ ಉಳಿದಿದೆ, ನಂಜಾಗಿ ಜ್ವರ ಬಂದಿದೆ, ರಕ್ತವೂ ಅದರಿಂದಲೇ. ಎಷ್ಟು ಜೋಪಾನ ಮಾಡಿದರೂ ಕೆಲವರಿಗೆ ಹೀಗೆ ಉಳಿದುಬಿಡುತ್ತದೆ, ಈಗಲೇ ತೆಗೆಯಬೇಕು ಎಂದಳು.

ಮಂಚವನ್ನು ತಳ್ಳಿಕೊಂಡು ಹೋಗುವಾಗ ದುರ್ಗಮ್ಮ ಡಾಕ್ಟರ ಕೋಟಿನ ತುದಿ ಹಿಡಿದಳು.

"ಮಜ್ಜಿಗೆ ಕುಡಿದ್ರೆ ಹಿಂಗಾಯ್ತದಾ?"

"ಮಜ್ಜಿಗೆಗೂ ಇದಕ್ಕೂ ಸಂಬಂಧವೇ ಇಲ್ಲ ಅಜ್ಜಿ. ನೀರೂ ಕೊಟ್ಟಿಲ್ಲ ಅಂತ ಕಾಣುತ್ತೆ, ಹುಡುಗಿ ಒಣಗಿಹೋಗಿದಾಳೆ."

ವಿಜಯ್ ಅಜ್ಜಂಪುರದಿಂದ ಬಂದು ಮುಟ್ಟುವ ಹೊತ್ತಿಗೆ ಚೂರನ್ನು ತೆಗೆದು, ರಕ್ತ ಏರಿಸುತ್ತಿದ್ದರು. ಜೀವಕ್ಕೆ ಭಯವಿಲ್ಲ ಎಂದರು. ಬೆಂಚಿನ ಮೇಲೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ದುರ್ಗಮ್ಮ ಡಾಕ್ಟರು ಅಂದದ್ದನ್ನೆಲ್ಲ ಅವನಿಗೆ ಹೇಳಿದಳು. ಹುಲಿಗೆಮ್ಮನ ಒಳಗೂ ಅಂಥದೇ ಚೂರು ಇತ್ತೋ ಏನೋ, ಈಗ ಹೇಳುವವರು ಯಾರು? ಒಳಗೆ ನೋಡಬೇಕೆಂದು ಆಗ ಯಾರಿಗೂ ತೋಚಿರಲಿಲ್ಲ. ಆದರೆ ಅದೇ ಜ್ವರ, ಅದೇ ವಾಸನೆ. ಮಜ್ಜಿಗೆಯಿಂದ ಅಲ್ಲ ಅಂತಾಯಿತಲ್ಲ, ಇನ್ನಾದರೂ ನೆಮ್ಮದಿಯಾಗಿರಿ ಎಂದ ವಿಜಯ್. ಅವಳೂ ನೆಮ್ಮದಿ ಬರಬಹುದೆಂದು ಕಾದಳು. ಬರಲಿಲ್ಲ.

ಮರುದಿನ ಬೆಳಿಗ್ಗೆ ನರ್ಸು, ಕೇಳಿದಷ್ಟು ನೀರು ಕೊಡಿ ಎಂದಳು. ಅನಿತಾ ಒಂದು ಲೋಟ ಗಟಗಟ ಕುಡಿದು ಮತ್ತೆ ಕೈ ಚಾಚಿದಳು. ದುರ್ಗಮ್ಮ ಮತ್ತೆ ತುಂಬಿಸಿದಳು. ಅದೂ ಮುಗಿದ ಮೇಲೆ ಕೇಳದೆಯೇ ಇನ್ನೊಂದು ತುಂಬಿಸಿ ತುಟಿಗೆ ಹಿಡಿದಳು. ಸಾಕಜ್ಜಿ, ಹೊಟ್ಟೆ ಕೊಡಪಾನ ಆಯ್ತು ಎಂದು ಅನಿತಾ ಮುಖ ಆಚೆ ತಿರುಗಿಸಿದರೂ ಅಜ್ಜಿಯ ಕೈ ಇಳಿಯಲಿಲ್ಲ.

"ನಿಮ್ಮವ್ವಾನೂ ಹಿಂಗೇ ಕೈ ಚಾಚಿದ್ಲು ಕಣೇ," ಅಂದಳು ದುರ್ಗಮ್ಮ. "ಇನ್ನೊಂದು ಗುಟುಕು ಅಂದ್ಲು. ಇನ್ನರ್ಧ ಲೋಟದಾಗೇ ಇತ್ತು. ತಗಂಡೋಗಿ ಹಿತ್ತಲಿಗೆ ಚೆಲ್ಬಿಟ್ಟೆ."