ಗಾಜಿನಾಚೆಯವರ ಮಾತು ಬರೆಯುವ ಓಡೀಲ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಓಡೀಲ್ ಬ್ರೂಸಾರ್ಡ್ ಗೇಟಿನ ಮುಂದೆ ಕಾರು ನಿಲ್ಲಿಸಿಕೊಂಡು, ಸ್ಟಿಯರಿಂಗ್ ಮೇಲೆ ಕಾಗದಗಳನ್ನು ಹರಡಿಕೊಂಡು ತುಟಿಯಲ್ಲೇ ಓದುತ್ತಿದ್ದಾಳೆ. ಸುತ್ತ ಪೈನ್ ಮರಗಳು, ಎದುರಿಗೆ ಮುಳ್ಳುತಂತಿ. ಲೂಸಿಯಾನಾದ ಜುಲೈ ಬೇಸಿಗೆಯಲ್ಲಿ ಈ ಹೊತ್ತಿಗೇ ಅಂಗಿ ಬೆನ್ನಿಗೆ ಅಂಟುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕೊಂಡ ಬೂಡ್ಯಾನ್, ಅಂದರೆ ಅನ್ನ ಮತ್ತು ಹಂದಿಮಾಂಸ ತುಂಬಿದ ಸಾಸೇಜು, ಪಕ್ಕದ ಸೀಟಿನಲ್ಲಿ ತಣ್ಣಗಾಗುತ್ತಿದೆ.

ಇಷ್ಟು ಬೇಗ ಬರುವುದಕ್ಕೆ ಕಾರಣವಿದೆ. ಈ ಬೇಲಿಯೊಳಗೆ ಒಂಬೈನೂರಕ್ಕೂ ಹೆಚ್ಚು ಜನರಿದ್ದಾರೆ. ವಕೀಲರ ಕಡೆಯವರು ಅವರನ್ನು ಕಾಣಲು ಇರುವುದು ಒಂದೇ ಒಂದು ಕೋಣೆ. ಮೊದಲು ಬಂದವರಿಗೆ ಕೋಣೆ, ಉಳಿದವರಿಗೆ ಪಾರ್ಕಿಂಗ್ ಜಾಗದ ಬಿಸಿಲು. ಇದನ್ನು ಜೈಲು ಎನ್ನಬಾರದಂತೆ, ತಂಗುಕೇಂದ್ರ ಎನ್ನಬೇಕಂತೆ. ತಂಗಲು ಬಂದವರ ಕಾಲಿಗೆ ಸರಪಳಿ ಹಾಕುವ ಛತ್ರ ಲೋಕದಲ್ಲಿ ಇನ್ನೆಲ್ಲಿದೆಯೋ. ಒಳಗಿರುವವರು ಕದ್ದವರಲ್ಲ, ಕೊಂದವರಲ್ಲ. ಪ್ರಾಣ ಉಳಿಸಿ ಎಂದು ಈ ದೇಶದ ಬಾಗಿಲು ತಟ್ಟಿದವರು.

ಓಡೀಲ್ ಇನ್ನೂ ವಕೀಲೆಯಲ್ಲ. ಕಾನೂನು ಕಾಲೇಜಿನ ವಿದ್ಯಾರ್ಥಿನಿ. ಇಂಥವರ ಕೇಸುಗಳನ್ನು ಪುಕ್ಕಟೆ ನಡೆಸುವ ಮಾನವ ಹಕ್ಕುಗಳ ಸಂಸ್ಥೆಯೊಂದರಲ್ಲಿ ಇದು ಅವಳ ಎರಡನೆಯ ಬೇಸಿಗೆ. ಸಂಸ್ಥೆ ಇರುವುದು ಮುಚ್ಚಿಹೋದ ಚಪ್ಪಲಿ ಅಂಗಡಿಯ ಮಹಡಿಯಲ್ಲಿ. ವಕೀಲರು ಇಬ್ಬರು, ಬೇಸಿಗೆಗೆ ಬರುವ ವಿದ್ಯಾರ್ಥಿಗಳು ಆರು ಮಂದಿ. ಇವರು ಚರ್ಚಿನ ಸಭಾಂಗಣದಲ್ಲಿ ಹಾಸಿಗೆ ಹಾಸಿಕೊಂಡು ಮಲಗುತ್ತಾರೆ, ಒಂದೇ ಬಚ್ಚಲಿಗೆ ಸರದಿ ನಿಲ್ಲುತ್ತಾರೆ. ಸಂಬಳದ ಮಾತಿಲ್ಲ. "ಅನುಭವ ಸಿಗತ್ತಲ್ಲ ಅಂತಾರೆ ಎಲ್ಲರೂ," ಎಂದು ಓಡೀಲ್ ಮೂತಿ ತಿರುವುತ್ತಾಳೆ. "ಅನುಭವಾನ ಪಾತ್ರೆಗೆ ಹಾಕಿ ಕುದಿಸಿದ್ರೆ ಅನ್ನ ಆಗಲ್ಲ. ಸೋಮವಾರ ನಮ್ಮಮ್ಮ ಕೆಂಪು ಕಾಳು, ಅನ್ನ ಮಾಡಿ ಕಳಿಸ್ತಾರೆ. ಆರೂ ಜನ ಅದನ್ನೇ ಬುಧವಾರದ ತನಕ ತಿಂತೀವಿ."

ಆರು ಮಂದಿಯಲ್ಲಿ ಈ ಸೀಮೆಯವಳು ಇವಳೊಬ್ಬಳೇ. ಗೇಟಿನಲ್ಲಿರುವ ಕಾವಲುಗಾರ ಹಾರ್ಲನ್ ಒಂದು ಕಾಲಕ್ಕೆ ಇವಳನ್ನು ಶಾಲೆಯ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದವರು. ಮರದ ಮಿಲ್ಲು ಮುಚ್ಚಿದ ಮೇಲೆ ಊರಿನ ಅರ್ಧ ಜನ ಈ ಬೇಲಿಯನ್ನೇ ನಂಬಿ ಬದುಕಿದ್ದಾರೆ. ಆ ಹಾರ್ಲನ್ ಈಗ ಕಾರಿನ ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದಾರೆ.

"ಇವತ್ತು ಬಿಡಕ್ಕಾಗಲ್ಲ ಮಗೂ. ವಿದ್ಯಾರ್ಥಿಗಳನ್ನ ಬಿಡಬೇಡಿ ಅಂತ ಮೇಲಿಂದ ಹೊಸ ಆರ್ಡರ್ ಬಂದಿದೆ."

"ನಿನ್ನೆ ಬಿಟ್ರಲ್ಲ, ಮಿಸ್ಟರ್ ಹಾರ್ಲನ್."

"ನಿನ್ನೆದು ನಿನ್ನೆಗೆ ಮುಗೀತು."

"ಒಳಗಿರೋ ಒಬ್ಬ ಹೆಂಗಸಿನ ವಿಚಾರಣೆ ಶುಕ್ರವಾರ ಇದೆ. ಇವತ್ತು ಸಂಜೆಯೊಳಗೆ ಸಹಿ ಬೀಳ್ದೆ ಹೋದ್ರೆ ಆಕೆ ಹೇಳಿಕೆ ಕೋರ್ಟಿಗೆ ಸೇರಲ್ಲ. ಸೇರ್ದೆ ಹೋದ್ರೆ ವಿಮಾನ ಹತ್ತಿಸಿ ವಾಪಸ್ ಕಳಿಸ್ತಾರೆ. ಇಷ್ಟೇ ವಿಷಯ. ನೀವು ಫೋನ್ ಮಾಡಿ ಕೇಳಿ, ನಾನಿಲ್ಲೇ ಇರ್ತೀನಿ."

"ನಿಮ್ಮಮ್ಮನ ಥರಾನೇ ಹಟ," ಎಂದು ಗೊಣಗುತ್ತಾ ಹಾರ್ಲನ್ ಫೋನೆತ್ತುತ್ತಾರೆ. ಮೇಲಿನವರ ಅಪ್ಪಣೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದು ಇದಕ್ಕೇ. ಆರ್ಡರ್ ಹೊರಡಿಸಿದ ಮಹಾನುಭಾವ ಎಲ್ಲೋ ತಣ್ಣನೆಯ ಕೋಣೆಯಲ್ಲಿ ಕಾಫಿ ಕುಡಿಯುತ್ತಿರುತ್ತಾನೆ.

ಒಳಗೆ ಕಾಯುತ್ತಿರುವವರು ಪರ್ಪೆಚುವಾ. ಆಫ್ರಿಕಾದ ಗುಡ್ಡದ ಊರೊಂದರ ದರ್ಜಿ. ಮನೆಯವರು ಇನ್ನೂ ಅಲ್ಲೇ ಇರುವುದರಿಂದ ದೇಶದ ಹೆಸರು ಬರೆಯಬಾರದೆಂದು ಅವರ ವಕೀಲೆ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಸಮವಸ್ತ್ರದವರು ಬಂದು ಅವರ ಹೊಲಿಗೆ ಅಂಗಡಿಗೆ ಬೆಂಕಿ ಇಟ್ಟರು, ತಮ್ಮನನ್ನು ಎಳೆದೊಯ್ದರು, ತಮ್ಮ ಮರಳಲಿಲ್ಲ. ಕೇಳಲು ಹೋದ ಪರ್ಪೆಚುವಾ ಅವರನ್ನು ಕೂಡಿಹಾಕಿ ಹೊಡೆದರು. ಇಂಥವರು ಕೋರ್ಟಿನಲ್ಲಿ ಬಾಯಿ ಬಿಡುವ ಮೊದಲು ಅವರ ಬದುಕನ್ನು 'ನಾನು' 'ನಾನು' ಎಂದು ಅವರ ಬಾಯಿಂದಲೇ ಬಂದಂತೆ ಬರೆದು ಕೊಡಬೇಕು. ಇಬ್ಬರು ವಕೀಲರಿಗೆ ಅಷ್ಟು ಪುರಸೊತ್ತೆಲ್ಲಿ? ಹಾಗಾಗಿ ಗಾಜಿನ ಈಚೆ ರಿಸೀವರ್ ಕಿವಿಗಿಟ್ಟು ಕೂತು ಬರೆದುಕೊಳ್ಳುವುದು ಈ ವಿದ್ಯಾರ್ಥಿಗಳ ಕೆಲಸ. ತೀರ್ಪಿನ ಕಾಗದದಲ್ಲಿ ನ್ಯಾಯಾಧೀಶರ ಹೆಸರಿರುತ್ತದೆ, ವಕೀಲರ ಹೆಸರಿರುತ್ತದೆ. ಬರೆದವರ ಹೆಸರು ಎಲ್ಲೂ ಇರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಓಡೀಲ್ ಒಬ್ಬ ಬಸ್ ಕಂಡಕ್ಟರನ ಹೇಳಿಕೆ ಬರೆದಳು. ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಸುರಿದು ಬರೆದಳು. 'ನನ್ನನ್ನು ನಿರಂಕುಶವಾಗಿ ಬಂಧಿಸಿ ಮೂಲಭೂತ ಸ್ವಾತಂತ್ರ್ಯವನ್ನು ಹರಣ ಮಾಡಲಾಯಿತು.' ಓದಿ ಹೇಳಿದಾಗ ಆತ ಎಲ್ಲದಕ್ಕೂ ತಲೆಯಾಡಿಸಿದ. ಕೋರ್ಟಿನಲ್ಲಿ ಸರ್ಕಾರದ ವಕೀಲ ಕೇಳಿದ್ದು ಒಂದೇ ಪ್ರಶ್ನೆ: ನಿರಂಕುಶ ಎಂದರೇನು? ಆತ ಮಿಕಮಿಕ ನೋಡಿದ. ಕಲಿಸಿಕೊಟ್ಟ ಗಿಳಿಪಾಠ ಎಂದು ನ್ಯಾಯಾಧೀಶರು ಕೇಸು ತಳ್ಳಿಹಾಕಿದರು. ನಡೆದದ್ದೆಲ್ಲ ನಿಜವೇ ಆಗಿತ್ತು. ಮಾತು ಮಾತ್ರ ಅವನದಾಗಿರಲಿಲ್ಲ.

"ಪಾಪ, ಹುಡುಗಿ ಇಷ್ಟು ಕಷ್ಟಪಟ್ಟು ಬರೆದಿದ್ದಾಳೆ ಅಂತ ಮರ್ಯಾದೆಗೆ ತಲೆ ಆಡಿಸಿದ್ದ. ನಾನು ಅದನ್ನ ಒಪ್ಪಿಗೆ ಅಂದ್ಕೊಂಡೆ," ಎನ್ನುತ್ತಾಳೆ ಓಡೀಲ್. "ಅವನನ್ನ ವಿಮಾನ ಹತ್ತಿಸಿದ್ರು. ಆಮೇಲೆ ಏನಾದ ಅಂತ ಗೊತ್ತಿಲ್ಲ. ನನ್ನ ಮೇಲೆ ಸಿಟ್ಟಿದೆ. ಆದ್ರೆ ಒಂದು ಪದಕ್ಕೆ ಒಬ್ಬ ಮನುಷ್ಯನ್ನ ಸಾವಿಗೆ ಕಳಿಸೋ ಕೋರ್ಟಿನ ಮೇಲೆ ಅದಕ್ಕಿಂತ ಜಾಸ್ತಿ ಸಿಟ್ಟಿದೆ."

ಆಮೇಲೆ ಅವಳು ಒಂದು ಉಪಾಯ ಹೂಡಿದಳು. ಹೇಳಿಕೆಯನ್ನು ಓದಿ ಹೇಳುವಾಗ ಕಾಗದದಲ್ಲಿಲ್ಲದ ಒಂದು ಸುಳ್ಳನ್ನು ಬೇಕೆಂದೇ ನಡುವೆ ಸೇರಿಸುತ್ತಾಳೆ. ವಿದ್ಯಾರ್ಥಿಗಳು ಅದಕ್ಕೆ 'ಕಲ್ಲು' ಎನ್ನುತ್ತಾರೆ, ಅನ್ನದಲ್ಲಿ ಸಿಗುವ ಕಲ್ಲಿನ ಹಾಗೆ. ಕೇಳುವವರು ಅದಕ್ಕೂ ತಲೆಯಾಡಿಸಿದರೆ ಓದು ಅಲ್ಲಿಗೇ ನಿಲ್ಲುತ್ತದೆ. "ಇದು ನಿಮ್ಮ ಕಾಗದ, ತಪ್ಪಿದ್ರೆ ನನ್ನ ಬಯ್ಯಿರಿ" ಎಂದು ಹೇಳಿ ಮೊದಲಿನಿಂದ ಶುರುಮಾಡುತ್ತಾಳೆ.

ಪರ್ಪೆಚುವಾ ಬಯ್ಯಲು ಹೇಳಿಸಿಕೊಳ್ಳುವವರಲ್ಲ.

"'ನನ್ನ ಅಂಗಡಿ ಬಾಗಿಲಲ್ಲಿ ಒಂದು ನಾಯಿ ಇತ್ತು,'" ಎಂದು ಓಡೀಲ್ ಓದುತ್ತಾಳೆ.

"ನಾಯಿ ಎಲ್ಲಿಂದ ಬಂತೇ? ನನಗೆ ನಾಯಿ ಕಂಡ್ರೆ ಆಗಲ್ಲ. ನಿದ್ದೆಗೆಟ್ಟು ಬರೆದ್ಯಾ?"

"ಕಲ್ಲು ಹಾಕಿದ್ದೆ ಆಂಟಿ. ಸಿಕ್ಕಿತು ನಿಮಗೆ. ಮುಂದೆ ಕೇಳಿ. 'ಮತ್ತೆ ಅಲ್ಲಿಗೆ ಹೋಗಲು ನನಗೆ ತುಂಬಾ ಹೆದರಿಕೆ.'"

"ಇದೂ ಕಲ್ಲಾ?"

ಓಡೀಲ್ ತಲೆಯೆತ್ತುತ್ತಾಳೆ. "ಇಲ್ಲ. ಇದು ಕಾಗದದಲ್ಲೇ ಇದೆ."

"ಹಾಗಾದ್ರೆ ಹೊಡೆದು ಹಾಕು. ಹೆದರಿಕೆ ಅಂತ ನಾನು ಯಾವತ್ತು ಹೇಳಿದೆ? ನನ್ನ ತಮ್ಮನ್ನ ತಿಂದವರಿಗೆ ನಾನು ಹೆದರ್ತೀನಾ? ನನಗೆ ಸಿಟ್ಟು. ಬರಕೋ, ಸಿಟ್ಟು."

ಓಡೀಲ್ ಗೋಡೆಯ ಫೋನಿನಿಂದ ಕಚೇರಿಗೆ ಕರೆ ಮಾಡುತ್ತಾಳೆ. ಅವಳ ಮೇಲಿನ ವಕೀಲೆ ಲವರ್ನ್ ಚಾಟ್ಮನ್ ಈ ಕೆಲಸದಲ್ಲಿ ತಲೆ ಬೆಳ್ಳಗಾಗಿಸಿಕೊಂಡವರು.

"ಹೆದರಿಕೆ ಇಲ್ಲ ಅಂದ್ರೆ ಕೇಸೇ ಇಲ್ಲ ಕಣೇ," ಎನ್ನುತ್ತಾರೆ ಲವರ್ನ್. "ಕಾನೂನು ಕೇಳೋದೇ ಅದೊಂದನ್ನ."

"ಆಕೆ ಒಲ್ಲೆ ಅಂತಿದ್ದಾರೆ, ಮಿಸ್ ಲವರ್ನ್. ಬಾಯಿಗೆ ತುರುಕಲಾ? ಕಳೆದ ವರ್ಷ ತುರುಕಿದ್ದು ಸಾಕಾಗಿಲ್ವಾ?"

ಲವರ್ನ್ ಹೇಳುತ್ತಾರೆ, "ಕೇಳು. ಹೇಳಿಕೊಡಬೇಡ, ಕೇಳು ಅಷ್ಟೇ. ಆಕೆ ಏನಂದ್ರೂ ಹಾಗೇ ಬರಿ. ಮುಂದಿಂದು ನನ್ನ ತಲೆನೋವು."

ಎಂಥ ಕಾನೂನಿದು ಎಂದು ಯಾರಿಗಾದರೂ ಮೈಯುರಿಯಬೇಕು. ಎಲ್ಲವನ್ನೂ ಕಳೆದುಕೊಂಡು ಬಂದ ಹೆಂಗಸು ನಡುಗುತ್ತಾ ನಿಂತರಷ್ಟೇ ಅದಕ್ಕೆ ನಂಬಿಕೆ. ತಲೆಯೆತ್ತಿ ನಿಂತರೆ ಅನುಮಾನ.

ಓಡೀಲ್ ಮತ್ತೆ ಗಾಜಿನ ಮುಂದೆ ಕೂರುತ್ತಾಳೆ. "ಆಂಟಿ, ನಿಮ್ಮನ್ನ ವಾಪಸ್ ಕಳಿಸಿದ್ರೆ ಏನಾಗತ್ತೆ?"

"ಕೊಲ್ತಾರೆ."

"ಅದು ಹೆದರಿಕೆ ಅಲ್ವಾ?"

"ಕತ್ತಲಲ್ಲಿ ಏನಿದೆಯೋ ಅಂದ್ರೆ ಹೆದರಿಕೆ ಮಗಳೇ. ಇದು ನನಗೆ ಗೊತ್ತಿರೋ ವಿಷಯ. ನಾಳೆ ಸೂರ್ಯ ಹುಟ್ಟತ್ತೆ ಅಂತ ಹೆದರ್ತೀಯಾ ನೀನು?"

ಅದನ್ನು ಹಾಗೆಯೇ ಬರೆದು, ಓದಿ ಹೇಳಿ, ಗಾಜಿನ ಕೆಳಗಿನ ಸಂದಿಯಲ್ಲಿ ತೂರಿಸಿ ಸಹಿ ಮಾಡಿಸಿಕೊಂಡು ಓಡೀಲ್ ಹೊರಬರುತ್ತಾಳೆ. ಕೈಯಲ್ಲಿ ಕಾಗದ ಹಿಡಿದು ಕಾರಿನತ್ತ ಓಡುತ್ತಾಳೆ. ಆ ಒಂದು ಮಾತಿನಿಂದ ಪರ್ಪೆಚುವಾ ಕೂಡ ವಿಮಾನ ಹತ್ತಬೇಕಾಗಬಹುದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಶುಕ್ರವಾರ ವಿಚಾರಣೆ. ನ್ಯಾಯಾಧೀಶರು ದೂರದ ಊರಿನಲ್ಲಿ ಕೂತು ಟಿ.ವಿ. ಪರದೆಯಲ್ಲಿ ಕಾಣಿಸಿಕೊಳ್ಳುತ್ತಾರೆ. ವಿದ್ಯಾರ್ಥಿಗಳು ಮಾತಾಡುವಂತಿಲ್ಲ, ಓಡೀಲ್ ಹಿಂದಿನ ಬೆಂಚಿನಲ್ಲಿ ಕೂತಿದ್ದಾಳೆ. ಸರ್ಕಾರದ ವಕೀಲ ನೇರವಾಗಿ ಅದೇ ಸಾಲಿಗೆ ಕೈಹಾಕುತ್ತಾನೆ.

"ಹೆದರಿಕೆ ಇಲ್ಲ ಎಂದು ನೀವೇ ಹೇಳಿದ್ದೀರಿ. ಹಾಗಾದರೆ ವಾಪಸ್ ಹೋಗಲು ಏನು ತೊಂದರೆ? ಈ ಮಾತನ್ನು ನಿಮಗೆ ಯಾರು ಹೇಳಿಕೊಟ್ಟರು?"

"ಆ ಹುಡುಗಿ ಹೆದರಿಕೆ ಅಂತಾನೇ ಬರೆದಿದ್ಲು ಸ್ವಾಮಿ. ನಾನೇ ಹೊಡೆಸಿ ಹಾಕಿದೆ. ತೊಂದರೆ ಏನು ಅಂದ್ರಲ್ಲ, ನಾನು ಸಾಯ್ತೀನಿ, ಅದೇ ತೊಂದರೆ. ನಿಮಗೆ ನಾನು ಅಳಬೇಕು ಅಂತಿದ್ರೆ ಕ್ಷಮಿಸಿ. ನನಗೆ ಬಂದಿದ್ದು ಸಿಟ್ಟು."

ಪರದೆಯಲ್ಲಿ ನ್ಯಾಯಾಧೀಶರು ಹೇಳಿಕೆಯ ಆ ಸಾಲನ್ನು ಮತ್ತೆ ಓದುತ್ತಾರೆ. ಈ ಮಾತು ಈಕೆಯದೇ ಎಂಬುದರಲ್ಲಿ ತನಗೆ ಸಂಶಯವಿಲ್ಲ, ಸಾವು ಖಚಿತವೆಂದು ತಿಳಿದವಳಿಂದ ಬೇರೆ ಹೆದರಿಕೆಯನ್ನು ಕಾನೂನು ಕೇಳುವುದಿಲ್ಲ ಎನ್ನುತ್ತಾರೆ. ಆಶ್ರಯ ಮಂಜೂರಾಗುತ್ತದೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡನಲ್ಲ. ಸರ್ಕಾರ ಮೇಲ್ಮನವಿ ಹಾಕುತ್ತದೆ, ಅದು ತೀರುವ ತನಕ ಒಳಗೇ ಇರಲಿ ಎನ್ನುತ್ತಾನೆ ವಕೀಲ. ಗೆದ್ದ ಹೆಂಗಸಿನ ಕೈಗೆ ಮತ್ತೆ ಕೋಳ ತೊಡಿಸಿ, ಬಂದ ಬಾಗಿಲಲ್ಲೇ ಒಳಗೆ ಕರೆದೊಯ್ಯುತ್ತಾರೆ. ತಿಂಗಳುಗಳೇ ಹಿಡಿಯಬಹುದು. ಇದನ್ನು ನ್ಯಾಯ ಎಂದು ಕರೆಯುವವರ ನಾಲಿಗೆಗೆ ಏನೆನ್ನಬೇಕು?

ಓಡೀಲ್‌ಳ ಬೇಸಿಗೆಯ ಕೆಲಸ ಅದೇ ಸಂಜೆಗೆ ಮುಗಿಯಿತು. ಕಚೇರಿಯ ಕಾರ್ಡು ಹಿಂದಿರುಗಿಸಿದ್ದಾಳೆ, ಹಾಸಿಗೆ ಸುತ್ತಿಟ್ಟಿದ್ದಾಳೆ. ಸೋಮವಾರದಿಂದ ಹೋಟೆಲಿನಲ್ಲಿ ತಟ್ಟೆ ಎತ್ತುವ ಕೆಲಸ, ಆಮೇಲೆ ಕಾಲೇಜು. ಆದರೂ ಶನಿವಾರ ಬೆಳಿಗ್ಗೆ ಅವಳು ಮತ್ತೆ ಗೇಟಿನ ಮುಂದಿದ್ದಾಳೆ, ಈ ಸಲ ಒಳಗಿರುವವರ ಮನೆಮಂದಿ ನಿಲ್ಲುವ ಸಾಲಿನಲ್ಲಿ, ಮಗು ಎತ್ತಿಕೊಂಡ ತಾಯಂದಿರ ನಡುವೆ. ಈ ಸಾಲಿನವರು ಪೆನ್ನು, ಕಾಗದ ಏನನ್ನೂ ಒಯ್ಯುವಂತಿಲ್ಲ.

"ನಿನ್ನ ಕೆಲಸ ಮುಗೀತಲ್ಲ ಮಗೂ," ಎನ್ನುತ್ತಾರೆ ಹಾರ್ಲನ್. "ಬರಿಗೈಲಿ ಒಳಗೆ ಹೋಗಿ ಏನು ಮಾಡ್ತೀಯ?"

"ಎರಡು ತಿಂಗಳಿಂದ ಆಕೆಗೆ ಬರೀ ಪ್ರಶ್ನೆ ಕೇಳಿದ್ದೀನಿ, ಮಿಸ್ಟರ್ ಹಾರ್ಲನ್. ಎಲ್ಲಿ ಹೊಡೆದ್ರು, ಎಷ್ಟು ಹೊಡೆದ್ರು, ತಮ್ಮನ ಅಂಗಿ ಯಾವ ಬಣ್ಣ," ಎನ್ನುತ್ತಾಳೆ ಓಡೀಲ್. "ಇವತ್ತು ಆಕೆ ಕೇಳಲಿ, ನಾನು ಹೇಳ್ತೀನಿ."